ಜ್ಞಾನತಂತುಗಳ ಹೊದಿಕೆಯೂ ಜೀವಸತ್ವದ ಗುಳಿಗೆಗಳೂ

ವಿದ್ಯುತ್ತಿನ ತಂತಿಗೆ ಹೊದಿಕೆಯಿರುವಂತೆ ನಮ್ಮ ಜ್ಞಾನತಂತುಗಳಿಗೂ ಹೊದಿಕೆಯುಂಟು. ಕೊಬ್ಬು ಹೆಚ್ಚಾಗಿರುವ ಆ ವಸ್ತುವಿಗೆ ಮಯಲಿನ್ ಎಂದು ಹೆಸರು. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ರೋಗದಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ, ಮೆದುಳು ಮತ್ತು ಬೆನ್ನುಹುರಿಗಳಲ್ಲಿ ಈ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುತ್ತದೆ. ಸಂದೇಶಗಳು ನಿಧಾನವಾಗುತ್ತವೆ, ಇಲ್ಲವೆ ನಿಂತೇ ಹೋಗುತ್ತವೆ. ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತೊಡರುವುದು ಇದರ ಫಲ.

ರೋಗವನ್ನು ಹತೋಟಿಯಲ್ಲಿಡುವ ಔಷಧಗಳು ಇಂದು ಹಲವಿವೆ. ಬೇರುಸಹಿತ ಕೀಳುವ ಔಷಧವಿಲ್ಲ. ಆದುದರಿಂದ ರೋಗಿಗಳ ಮನಸ್ಸು ಪೂರಕ ಗುಳಿಗೆಗಳತ್ತ ಹರಿಯುವುದು ಸಹಜ. ಅವುಗಳ ಬೆಲೆಯನ್ನು ಅಳೆಯುವುದು ಹೇಗೆ? ಎರಡು ಉದಾಹರಣೆಗಳನ್ನು ನೋಡೋಣ.

ಬಯೋಟಿನ್ 'ಬಿ' ಗುಂಪಿನ ಜೀವಸತ್ವ. ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಕೊಬ್ಬಿನಾಮ್ಲಗಳ ರಚನೆಗೆ ಇದು ಬೇಕಾದುದರಿಂದ, ಹೊದಿಕೆಯ ದುರಸ್ತಿಗೂ ನೆರವಾದೀತೆಂದು ವಿಜ್ಞಾನಿಗಳು ಊಹಿಸಿದರು. ರೋಗ ಏರುತ್ತಲೇ ಹೋಗುವವರಿಗೆ 300 ಮಿಲಿಗ್ರಾಂ, ಎಂದರೆ ಹತ್ತು ಸಾವಿರ ಪಟ್ಟು, ಕೊಡಲಾಯಿತು. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 103 ಜನರ ಪೈಕಿ 13 ಮಂದಿ ಸುಧಾರಿಸಿದರು. ಸತ್ವವಿಲ್ಲದ ತೋರಿಕೆಯ ಗುಳಿಗೆ ನುಂಗಿದವರಲ್ಲಿ ಒಬ್ಬರೂ ಇಲ್ಲ. ಆಸೆ ಚಿಗುರಿತು. ಆದರೆ 642 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸುಧಾರಿಸಿದವರು ಶೇಕಡ 12. ತೋರಿಕೆಯ ಗುಳಿಗೆಯವರಲ್ಲಿ ಶೇಕಡ 9. ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು.

ಹಾಗಾದರೆ ನುಂಗಿದರೆ ನಷ್ಟವೇನು? ಅನೇಕ ರಕ್ತಪರೀಕ್ಷೆಗಳು ಬಯೋಟಿನ್ನನ್ನೇ ಕೊಂಡಿಯಾಗಿ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿದ್ದರೆ ಪರೀಕ್ಷೆಯೇ ಸುಳ್ಳು ಹೇಳುತ್ತದೆ. ಹೃದಯಾಘಾತವನ್ನು ಸೂಚಿಸುವ ಟ್ರೋಪೋನಿನ್ ಕಡಮೆಯೆಂದು ತೋರಿ, ಆಘಾತವೇ ಮರೆಯಾಗಬಹುದು. 2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಬಗ್ಗೆ ಎಚ್ಚರಿಸಿತು.

ಎರಡನೆಯದು, ಬಿಸಿಲಿನಿಂದ ನಮ್ಮ ಚರ್ಮದಲ್ಲಿ ಹುಟ್ಟುವ 'ಡಿ' ಜೀವಸತ್ವ. ಭೂಮಧ್ಯರೇಖೆಯಿಂದ ದೂರವಾದ ನಾಡುಗಳಲ್ಲಿ ಈ ರೋಗ ಹೆಚ್ಚು. ಸಂಶಯಕ್ಕೆ ಅದೇ ಮೂಲ. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಔಷಧದ ಜೊತೆಗೆ ದಿನಕ್ಕೆ 5000 ಘಟಕ ಪಡೆದವರಿಗೂ 600 ಘಟಕ ಪಡೆದವರಿಗೂ ರೋಗ ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. 2025ರ ಫ್ರೆಂಚ್ ಪ್ರಯೋಗದಲ್ಲಾದರೋ, ರೋಗ ಆಗತಾನೇ ತಲೆದೋರಿ ಬೇರೆ ಔಷಧ ಆರಂಭಿಸದವರಿಗೆ ಎರಡು ವಾರಕ್ಕೊಮ್ಮೆ 1,00,000 ಘಟಕ ಕೊಟ್ಟಾಗ, ಶೇಕಡ 60ರಷ್ಟು ಮಂದಿಯಲ್ಲಿ ರೋಗ ಮತ್ತೆ ಚಟುವಟಿಕೆ ತೋರಿತು. ಉಳಿದ ಗುಂಪಿನಲ್ಲಿ ಶೇಕಡ 74. ಎರಡರ ಸನ್ನಿವೇಶಗಳೂ ಬೇರೆ, ಉತ್ತರಗಳೂ ಬೇರೆ. ಆದರೆ 'ಡಿ' ಮಿತಿಮೀರಿದರೆ ರಕ್ತದಲ್ಲಿ ಸುಣ್ಣದಂಶವೇರಿ ಮೂತ್ರಪಿಂಡಗಳು ಕೆಡುತ್ತವೆ; ವೈದ್ಯರು ಅಳೆದು ಹೇಳಿದಷ್ಟೇ ಸೇವಿಸತಕ್ಕದ್ದು.

ಆದುದರಿಂದ ವಾಚಕರು ನೆನಪಿಡಬೇಕಾದುದಿಷ್ಟು: ಗುಳಿಗೆಯ ಆಸೆಗೆ ಔಷಧವನ್ನು ಬಿಡಬಾರದು, ನುಂಗುವ ಪ್ರತಿಯೊಂದು ಗುಳಿಗೆಯನ್ನೂ ವೈದ್ಯರಿಗೂ ರಕ್ತ ಪರೀಕ್ಷಿಸುವವರಿಗೂ ತಿಳಿಸಬೇಕು.