ಲೈಟ್ ಮಿನುಗದಿದ್ದರೆ ಚಿಪ್ ಸುಟ್ಟಿದೆ ಎಂದರ್ಥವೇ?

ಹಿರಿಯೂರು, ಹೊಸದುರ್ಗದ ತೋಟಗಳ ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೀರಾ? "ಲೈಟ್ ಮಿನುಗದಿದ್ದರೆ ಚಿಪ್ ಸುಟ್ಟಿದೆ, ಬೋರ್ಡ್ ಬದಲಿಸಿ" ಎಂಬುದು ಪೂರ್ತಿ ನಿಜವಲ್ಲ. ಪ್ರೋಗ್ರಾಂ ಸಿಕ್ಕಿಕೊಂಡರೂ ಹೀಗಾಗುತ್ತದೆ.

ಚಿಪ್‌ನೊಳಗೆ ಇಣುಕಿ ನೋಡುವ ಸಾಧನವೇ ಡೀಬಗ್ಗರ್. ಚಿಪ್ ಎಸ್‌ಟಿಎಂ32 ಆಗಿದ್ದರೆ ಎಸ್‌ಟಿ-ಲಿಂಕ್ ಸಾಕು. ಮೊದಲು ತ್ರೀ ಫೇಸ್ ಸಂಪರ್ಕ ತಪ್ಪಿಸಿ, ಬೋರ್ಡ್ ಹೊರತೆಗೆಯಿರಿ. ಇದು ಜೀವದ ಪ್ರಶ್ನೆ. ನಂತರ ಚಿಪ್‌ಗೆ ಪ್ರತ್ಯೇಕ 3.3 ವೋಲ್ಟ್ ಕೊಟ್ಟು ಎಸ್‌ಡಬ್ಲ್ಯುಡಿಐಒ, ಎಸ್‌ಡಬ್ಲ್ಯುಸಿಎಲ್‌ಕೆ, ಗ್ರೌಂಡ್ ವೈರ್ ಜೋಡಿಸಿ. ಕಂಪ್ಯೂಟರಿನಲ್ಲಿ ಚಿಪ್‌ನ ಐಡಿ ಬಂದರೆ ಪ್ರೊಸೆಸರ್ ಬದುಕಿದೆ. (ಒಂದೆರಡು ಪಿನ್ ಹೋಗಿರಬಹುದು, ಅದು ಬೇರೆ ಮಾತು.) ಬಾರದಿದ್ದರೆ ರಿಸೆಟ್ ವೈರನ್ನೂ ಜೋಡಿಸಿ ಮತ್ತೊಮ್ಮೆ ನೋಡಿ.

ಚಿಪ್ ಲಾಕ್ ಆಗಿದ್ದರೆ ಮಾತ್ರ ಅನ್‌ಲಾಕ್ ಒತ್ತಬೇಡಿ. ಒಳಗಿನ ಪ್ರೋಗ್ರಾಂ ಪೂರ್ತಿ ಅಳಿಸಿಹೋಗುತ್ತದೆ. ಕಂಪನಿಯವರು ಅದನ್ನು ಮತ್ತೆ ಹಾಕಿಕೊಡದಿದ್ದರೆ, ಚಿಪ್ ಸರಿಯಿದ್ದೂ ಸ್ಟಾರ್ಟರ್ ಮೂಲೆಗೆ.