ನೀರು ತಿರುಗಿಸುವ ಬೀಸುಕಲ್ಲು

ರಾಗಿ ಬೀಸೋದು ಎಷ್ಟು ಕಷ್ಟದ ಕೆಲಸ ಅಂತ ನಮ್ಮ ಅಜ್ಜಿಯರನ್ನು ಕೇಳಬೇಕು. ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದರು. ಗೂಟ ಹಿಡಿದು ತಿರುಗಿಸಿ ತಿರುಗಿಸಿ ರಟ್ಟೆ ಸೋಲುತ್ತಿತ್ತು. ಈಗ ನಾವು ಗಿರಣಿಗೆ ಹೋಗುತ್ತೇವೆ. ಆದರೆ ಕರೆಂಟು ಹೋದರೆ? ಚೀಲ ಇಟ್ಟು ಕಾಯಬೇಕು.

ಕೈ ನೋಯದೆ, ಕರೆಂಟೂ ಇಲ್ಲದೆ ಬೀಸೋದಕ್ಕೆ ಆಗುತ್ತದೆಯೇ? ಆಗುತ್ತದೆ. ಹರಿಯುವ ನೀರೇ ಕಲ್ಲನ್ನು ತಿರುಗಿಸುತ್ತದೆ.

ಹಿಮಾಲಯದ ಬೆಟ್ಟದ ಹಳ್ಳಿಗಳಲ್ಲಿ ನೂರಾರು ವರ್ಷಗಳಿಂದ ಇಂಥ ನೀರಿನ ಗಿರಣಿಗಳಿವೆ. ಉತ್ತರಾಖಂಡದ ಜನ ಅದಕ್ಕೆ ಘರಾಟ್ ಅನ್ನುತ್ತಾರೆ.

ಘರಾಟ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಹಳ್ಳದ ನೀರನ್ನು ಸಣ್ಣ ಕಾಲುವೆಯಲ್ಲಿ ತರುತ್ತಾರೆ. ಅಲ್ಲಿಂದ ಇಳಿಜಾರಾದ ಮರದ ದೋಣಿಯಲ್ಲಿ ಕೆಳಗೆ ಬಿಡುತ್ತಾರೆ. ನೀರು ರಭಸದಿಂದ ಬಂದು ಮರದ ಚಕ್ರದ ರೆಕ್ಕೆಗಳಿಗೆ ಬಡಿಯುತ್ತದೆ. ಚಕ್ರ ತಿರುಗುತ್ತದೆ. ಚಕ್ರದ ನಡುವಿನ ಕಂಬ ಮೇಲಿನ ಕಲ್ಲಿಗೆ ಸೇರಿರುತ್ತದೆ. ಹಾಗಾಗಿ ಆ ಕಲ್ಲೂ ತಿರುಗುತ್ತದೆ. ಕೆಳಗಿನ ಕಲ್ಲು ಅಲುಗುವುದಿಲ್ಲ.

ಕಲ್ಲಿನ ಮೇಲೆ ಕಾಳಿನ ಬುಟ್ಟಿ ತೂಗುಹಾಕಿರುತ್ತಾರೆ. ಅದಕ್ಕೊಂದು ಕಡ್ಡಿ ಕಟ್ಟಿರುತ್ತಾರೆ. ಕಡ್ಡಿಯ ತುದಿ ತಿರುಗುವ ಕಲ್ಲಿಗೆ ತಾಗಿ ಟಕಟಕ ಅನ್ನುತ್ತದೆ. ಬುಟ್ಟಿ ಅಲುಗಿ ಕಾಳು ಸ್ವಲ್ಪ ಸ್ವಲ್ಪವೇ ಉದುರುತ್ತದೆ. ಯಾರೂ ಕೂತು ಕಾಳು ಹಾಕಬೇಕಾಗಿಲ್ಲ!

ಕಲ್ಲು ನಿಧಾನವಾಗಿ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ. ರೊಟ್ಟಿಗೆ ರುಚಿ ಜಾಸ್ತಿ ಅನ್ನುತ್ತಾರೆ ಅಲ್ಲಿಯ ಜನ. ಬೀಸಿದವನಿಗೆ ಹಿಟ್ಟಿನಲ್ಲೇ ಒಂದು ಪಾಲು ಕೊಡುವುದು ಹಳೇ ಪದ್ಧತಿ. ನೀರು ಖರ್ಚಾಗುವುದೇ ಇಲ್ಲ. ಮತ್ತೆ ಹಳ್ಳ ಸೇರುತ್ತದೆ. ಕೆಳಗಿನ ಊರಿನ ಘರಾಟನ್ನೂ ತಿರುಗಿಸುತ್ತದೆ.

ಆಮೇಲೆ ಡೀಸೆಲ್ ಗಿರಣಿ ಬಂತು, ಕರೆಂಟಿನ ಗಿರಣಿ ಬಂತು. ಅವು ಬೇಗ ಬೀಸುತ್ತವೆ. ಹಳೆಯ ಘರಾಟ್ ಬೀಸುವುದು ಗಂಟೆಗೆ ಸುಮಾರು 10 ಕಿಲೋ ಅಷ್ಟೆ. ಜನ ಅತ್ತ ಹೋದರು. ಒಂದೊಂದೇ ಘರಾಟ್ ನಿಂತುಹೋಯಿತು. 2013ರ ಜೂನ್ ತಿಂಗಳ ದೊಡ್ಡ ಪ್ರವಾಹದಲ್ಲಿ ಹಳ್ಳದ ದಂಡೆಯ ಘರಾಟ್‌ಗಳೂ ಕೊಚ್ಚಿಹೋದವು.

ಆದರೂ ಘರಾಟ್ ಸತ್ತಿಲ್ಲ. ಡೆಹರಾಡೂನಿನ ಹೆಸ್ಕೊ ಎಂಬ ಸಂಸ್ಥೆ ಅದಕ್ಕೆ ಮತ್ತೆ ಜೀವ ಕೊಡಲು ದುಡಿದಿದೆ. ಇದನ್ನು ಕಟ್ಟಿದವರು ಅನಿಲ್ ಪ್ರಕಾಶ್ ಜೋಶಿ. ಅವರಿಗೆ 2020ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಸುಧಾರಿಸಿದ ಘರಾಟಿನಲ್ಲಿ ಮರದ ಚಕ್ರದ ಬದಲು ಲೋಹದ ಚಕ್ರ ಇರುತ್ತದೆ. ಕಂಬ ಸಲೀಸಾಗಿ ತಿರುಗಲು ಬೇರಿಂಗ್ ಇರುತ್ತದೆ. ಅಷ್ಟೇ ನೀರಿನಲ್ಲಿ ಹೆಚ್ಚು ಹಿಟ್ಟು ಸಿಗುತ್ತದೆ. ಕೆಲವು ಕಡೆ ಹಗಲು ಹಿಟ್ಟು ಬೀಸಿ, ರಾತ್ರಿ ಅದೇ ನೀರಿನಿಂದ ದೀಪ ಉರಿಸುತ್ತಾರೆ. ನಮ್ಮ ಮಲೆನಾಡಿನಲ್ಲೂ ಕೆಲವು ಮನೆಯವರು ಹಳ್ಳದ ನೀರಿನಿಂದ ಸಣ್ಣ ಯಂತ್ರ ತಿರುಗಿಸಿ ಕರೆಂಟು ಮಾಡಿಕೊಂಡಿದ್ದಾರೆ.

ಆದರೆ ಒಂದು ಮಾತು. ಕಾಡು ಕಡಿದರೆ ಹಳ್ಳ ಬತ್ತುತ್ತದೆ. ಹಳ್ಳ ಬತ್ತಿದರೆ ಎಂಥ ಒಳ್ಳೆಯ ಚಕ್ರ ಇದ್ದರೂ ಕಲ್ಲು ತಿರುಗುವುದಿಲ್ಲ. ಕಾಡು ಉಳಿದರೆ ನೀರು, ನೀರು ಉಳಿದರೆ ಹಿಟ್ಟು.

ನಿಮ್ಮೂರ ಹಳ್ಳದಲ್ಲಿ ಹಿಂದೆ ಎಷ್ಟು ನೀರಿತ್ತು? ಈಗ ಎಷ್ಟಿದೆ? ಹಿರಿಯರನ್ನು ಕೇಳಿ. ಎಲ್ಲರೂ ಕೂತು ಮಾತಾಡಿ.