ಆರು ತಂತಿಯ ಮೇಲೆ ಸರಳೆ ವರಸೆ

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಸಲು ಹಿಂದೆಲ್ಲ ಹೆಚ್ಚು ಯೋಚನೆ ಬೇಕಿರಲಿಲ್ಲ. ಚಾಪೆ, ಶ್ರುತಿಪೆಟ್ಟಿಗೆ, ಸರಳೆ ವರಸೆ. ಅಷ್ಟಿದ್ದರೆ ಪಾಠ ಶುರು. 1892ರಲ್ಲಿ ಗೆರೆ ಎಳೆದು ಕಟ್ಟಿದ ಈ ಬಡಾವಣೆಗೆ ಚಾಮರಾಜೇಂದ್ರ ಒಡೆಯರ ಹೆಸರು ಬಂತು, ಸಂಗೀತದ ಹೆಸರನ್ನು ತಂದುಕೊಟ್ಟದ್ದು ರಾಮನವಮಿ. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಶುರುಮಾಡಿದ ಶ್ರೀ ರಾಮಸೇವಾ ಮಂಡಳಿಯ ಕಛೇರಿಗಳನ್ನು ಫೋರ್ಟ್ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಕೇಳುತ್ತ ಬೆಳೆದವರಿಗೆ ಆದಿತಾಳ ಹಾಕುವುದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಅದೇ ಬೀದಿಗಳಲ್ಲಿ ಈಗ ಭಾನುವಾರ ಬೆಳಿಗ್ಗೆ ಬೆನ್ನಿಗೆ ಗಿಟಾರ್ ಚೀಲ ಏರಿಸಿಕೊಂಡ ಮಕ್ಕಳು ಕಾಣುತ್ತಾರೆ. ಅಜ್ಜ–ಅಜ್ಜಿಯರ ಪ್ರಶ್ನೆ ಒಂದೇ: “ಅದರಲ್ಲಿ ಗಮಕ ಬರುತ್ತೇನೋ?”

ನ್ಯಾಯವಾದ ಪ್ರಶ್ನೆ. ಆದರೆ ಹೊಸದೇನಲ್ಲ. ಪಿಟೀಲು ನಮ್ಮದಾದದ್ದು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಅದನ್ನು ಕಲಿತ ಮೇಲೆ. ಮ್ಯಾಂಡೊಲಿನ್ ಶ್ರೀನಿವಾಸ್, ಸ್ಯಾಕ್ಸೋಫೋನಿನ ಕದ್ರಿ ಗೋಪಾಲನಾಥ್ ಇಬ್ಬರೂ ಎಲ್ಲಿಂದಲೋ ಬಂದ ವಾದ್ಯಗಳನ್ನು ಕರ್ನಾಟಕ ಸಂಗೀತದ ವೇದಿಕೆಗೆ ಏರಿಸಿ ಒಪ್ಪಿಸಿದರು. ಗಿಟಾರಿನಲ್ಲಿ ಆ ಕೆಲಸವನ್ನು ಆರ್. ಪ್ರಸನ್ನ ಮಾಡಿದ್ದಾರೆ. ಹಾಗಾಗಿ ಅಜ್ಜಿಗೆ ಕೊಡಬೇಕಾದ ಉತ್ತರ: ಬರುತ್ತದೆ, ಆದರೆ ಮೊಮ್ಮಗನಿಗೆ ಈ ವರ್ಷ ಬರುವುದಿಲ್ಲ. ಅವನ ಮೊದಲ ಕಷ್ಟ ಬೆರಳ ತುದಿಯದು.

ಅಕೂಸ್ಟಿಕ್ ಗಿಟಾರಿನ ಆರು ಉಕ್ಕಿನ ತಂತಿಗಳು ಒಟ್ಟಾಗಿ ಹತ್ತಿರ ಹತ್ತಿರ 70 ಕೆ.ಜಿ. ಬಿಗಿತದಲ್ಲಿರುತ್ತವೆ. ಮೊದಲ ವಾರಗಳಲ್ಲಿ ಎಡಗೈ ಬೆರಳು ಉರಿಯುತ್ತದೆ, ಕೆಂಪಾಗುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ವೀಣೆ ನುಡಿಸುವವರ ಬೆರಳು ನೋಡಿದ ಮನೆಯಲ್ಲಿ ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಆದರೆ ನೋವೆಲ್ಲ ಸಾಧನೆಯ ನೋವಲ್ಲ. ಅಗ್ಗದ ಗಿಟಾರಿನಲ್ಲಿ ತಂತಿ ಮೆಟ್ಟಿನಿಂದ ತೀರಾ ಮೇಲಿರುತ್ತದೆ. ಹನ್ನೆರಡನೇ ಮೆಟ್ಟಿನ ಮೇಲೆ ಆ ಎತ್ತರ ಎರಡೂವರೆ ಮಿ.ಮೀ. ಆಸುಪಾಸಿನಲ್ಲಿದ್ದರೆ ಚೆನ್ನ, ನಾಲ್ಕು ಮಿ.ಮೀ. ಇದ್ದರೆ ಅದು ವಾದ್ಯವಲ್ಲ, ವ್ಯಾಯಾಮದ ಸಾಮಾನು. ಕೊಳ್ಳುವಾಗಲೇ ಅಂಗಡಿಯವರಿಗೆ “ಆಕ್ಷನ್ ಇಳಿಸಿ, ಸೆಟಪ್ ಮಾಡಿಕೊಡಿ” ಎನ್ನಬೇಕು. ಹನ್ನೆರಡರ ಗೇಜಿನ (ದಪ್ಪದ) ತಂತಿ ಬಿಚ್ಚಿಸಿ ತೆಳುವಾದ ಹತ್ತರ ಸೆಟ್ ಹಾಕಿಸಿಕೊಂಡರೆ ಇನ್ನೂ ಹಗುರ. ಬಣ್ಣ ನೋಡಿ ಗಿಟಾರ್ ತರುವ ಅಪ್ಪಂದಿರೇ ಜಾಸ್ತಿ ಎಂಬುದು ಬೇರೆ ಮಾತು.

ಇನ್ನು ಪಾಠ. ಗಿಟಾರ್ ಕ್ಲಾಸುಗಳಲ್ಲಿ ಸಾಮಾನ್ಯವಾಗಿ ಮೊದಲ ದಿನವೇ ಕಾರ್ಡ್ ಹಿಡಿಸುತ್ತಾರೆ, ಎರಡನೇ ತಿಂಗಳಿಗೆ ಸಿನಿಮಾ ಹಾಡು. ‘ಮುಂಗಾರು ಮಳೆ’ ಬಂದು ಎಷ್ಟೋ ವರ್ಷವಾದರೂ ಆ ಹಾಡುಗಳನ್ನು ಕೇಳಿಕೊಂಡು ಬರುವ ಹುಡುಗರು ಕಡಿಮೆಯಾಗಿಲ್ಲ. ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಚಾಮರಾಜಪೇಟೆಯ ಮಗು ಕಿವಿಯಲ್ಲಿ ಆಗಲೇ ತುಂಬಿಕೊಂಡಿರುವುದನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು ಎಂಬಂತೆ ಪಾಠ ಶುರುವಾಗುತ್ತದಲ್ಲ, ಅದು ದಂಡ. ಆರು ತಂತಿಯಲ್ಲಿ ಯಾವುದಾದರೂ ಒಂದನ್ನು ತೆಗೆದುಕೊಳ್ಳಿ. ಖಾಲಿ ತಂತಿಯೇ ಷಡ್ಜ. ಒಂದೊಂದು ಮೆಟ್ಟು ಒಂದೊಂದು ಸ್ವರಸ್ಥಾನ. 1, 4, 5, 7, 8, 11, 12: ಈ ಮೆಟ್ಟುಗಳನ್ನು ಒತ್ತುತ್ತ ಹೋದರೆ ಮಾಯಾಮಾಳವಗೌಳ. ಸರಳೆ ವರಸೆ ಮುಗಿಸಿದ ಮಗು ಅರ್ಧ ಗಂಟೆಯಲ್ಲಿ ಇದನ್ನು ತಾನೇ ಹುಡುಕಿಕೊಳ್ಳುತ್ತದೆ. ಕತ್ತಿನ ಮೇಲಿನ ಬಿಳಿ ಚುಕ್ಕಿಗಳೂ ಸಹಾಯಕ್ಕೆ ಬರುತ್ತವೆ: ಐದರ ಚುಕ್ಕಿ ಮಧ್ಯಮ, ಏಳರ ಚುಕ್ಕಿ ಪಂಚಮ, ಹನ್ನೆರಡರ ಜೋಡಿ ಚುಕ್ಕಿ ಮೇಲಿನ ಷಡ್ಜ. 2, 4, 5, 7, 9, 11, 12 ಅಂದರೆ ಶಂಕರಾಭರಣ.

ಶ್ರುತಿ ಮಾಡುವುದೂ ಇದೇ ಲೆಕ್ಕ. ದಪ್ಪ ತಂತಿಯಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ. ಒಂದು ತಂತಿಯನ್ನು ಷಡ್ಜ ಅಂದುಕೊಂಡರೆ ಮುಂದಿನದು ಅದರ ಶುದ್ಧ ಮಧ್ಯಮ. ಜಿ–ಬಿ ನಡುವೆ ಮಾತ್ರ ಅಂತರ ಗಾಂಧಾರ. ಮೊಬೈಲಿನ ಟ್ಯೂನರ್ ಹಸಿರು ದೀಪ ತೋರಿಸುವವರೆಗೆ ಕಾಯುವವರ ನಡುವೆ, ಕಣ್ಣು ಮುಚ್ಚಿ ಬಿರಡೆ ತಿರುಗಿಸುವ ಹುಡುಗಿ ಯಾರ ಮನೆಯವಳು ಎಂದು ಮೇಷ್ಟ್ರು ಕೇಳಬೇಕಾಗಿಲ್ಲ.

ನಿಜವಾಗಿ ಹೊಸದು ಎಂದರೆ ಕಾರ್ಡ್. ನಮ್ಮಲ್ಲಿ ಸ್ವರ ಒಂದಾದ ಮೇಲೊಂದು ಬರುತ್ತದೆ, ಇಲ್ಲಿ ಒಟ್ಟಿಗೆ ಬರುತ್ತದೆ. ಆದರೂ ಮೊದಲ ಕಾರ್ಡನ್ನೇ ನೋಡಿ, ಇ ಮೈನರ್. ತೆಳು ತಂತಿಯಿಂದ ಎಣಿಸಿ ಐದನೇ ಮತ್ತು ನಾಲ್ಕನೇ ತಂತಿಯ ಎರಡನೇ ಮೆಟ್ಟಿನಲ್ಲಿ ಎರಡು ಬೆರಳು, ಮಿಕ್ಕಿದ್ದೆಲ್ಲ ಖಾಲಿ. ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೀಟಿದರೆ ಕೇಳುವುದು ಸ, ಪ, ಸ, ಗ, ಪ, ಸ. ಮೊದಲು ಮೀಟುವ ಮೂರು ದಪ್ಪ ತಂತಿಗಳಲ್ಲಿ ಸಿಗುವುದು ದಿನವೂ ಪಾಠಕ್ಕೆ ಮುಂಚೆ ಹಾಡುವ ಸ ಪ ಸ! ಆಮೇಲೆ ಬರುವ ಗಾಂಧಾರ ಸಾಧಾರಣದ್ದು. ಇನ್ನೊಂದು ಬೆರಳನ್ನು ಮೂರನೇ ತಂತಿಯ ಮೊದಲ ಮೆಟ್ಟಿಗೆ ಇಟ್ಟರೆ ಅದೇ ಅಂತರ ಗಾಂಧಾರವಾಗುತ್ತದೆ, ಕಾರ್ಡ್ ಇ ಮೇಜರ್ ಆಗುತ್ತದೆ. ಮೈನರ್ ಎಂದರೆ ದುಃಖ, ಮೇಜರ್ ಎಂದರೆ ಸಂತೋಷ ಎಂದು ಹೇಳಿಕೊಡುವುದಕ್ಕಿಂತ ಒಂದು ಗಾಂಧಾರದ ವ್ಯತ್ಯಾಸ ಎಂದು ಹೇಳಿದರೆ ನಮ್ಮ ಮಕ್ಕಳಿಗೆ ಬೇಗ ಹತ್ತುತ್ತದೆ.

ಕಿವಿ ತೀರಾ ಚುರುಕಾಗಿದ್ದರೆ ತೊಂದರೆಯೂ ಉಂಟು. ತಂಬೂರಿಯಲ್ಲಿ ತಾನಾಗಿ ಹುಟ್ಟುವ ಅಂತರ ಗಾಂಧಾರಕ್ಕಿಂತ ಗಿಟಾರಿನ ಗಾಂಧಾರ ಒಂದು ಸ್ವರಸ್ಥಾನದ ಸುಮಾರು ಏಳನೇ ಒಂದು ಭಾಗದಷ್ಟು ಏರು. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಮೆಟ್ಟು ಬಡಿದಿರುವುದರಿಂದ ಹೀಗೆ. ವೀಣೆಯ 24 ಮೆಟ್ಟುಗಳು ಮೇಣದ ಮೇಲೆ ಕೂತಿರುತ್ತವೆ, ಕಿವಿಗೆ ಬೇಕಾದಂತೆ ಸರಿಸಿ ಕೂರಿಸಬಹುದು. ಇಲ್ಲಿ ಲೋಹದ ಪಟ್ಟಿಯನ್ನು ಮರಕ್ಕೆ ಹೊಡೆದು ಕೂರಿಸಿಯಾಗಿದೆ. “ಗಾಂಧಾರ ಸೇರ್ತಿಲ್ಲ” ಎಂದು ಮಗು ಗೊಣಗಿದರೆ ಬೈಯಬೇಡಿ, ಸರಿಯಾಗೇ ಕೇಳಿಸಿಕೊಂಡಿದೆ.

ವಾದ್ಯ ಪರದೇಶದ್ದು ಎನ್ನುವವರಿಗೆ ಮರದ ಕಥೆಯನ್ನೂ ಹೇಳಬೇಕು. ಒಳ್ಳೆಯ ಗಿಟಾರಿನ ಪಕ್ಕ ಮತ್ತು ಬೆನ್ನಿಗೆ ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿದ್ದ ಕಾಲ ಒಂದಿತ್ತು. ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿದ ಮೇಲೆ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿಸಿತು. ಅದು ಬೇರೇನಲ್ಲ, ನಮ್ಮ ಮಲೆನಾಡು–ಕೊಡಗಿನ ಕಾಡುಗಳಲ್ಲಿ ಬೆಳೆಯುವ ಬೀಟೆ. ಹಳೇ ಮನೆಗಳ ಮಂಚ, ಮೈಸೂರಿನ ಕೆತ್ತನೆ ಕೂರಿಸಿದ ಚಿತ್ರಫಲಕ ಎಲ್ಲವೂ ಅದೇ ಮರ. ರೋಸ್‌ವುಡ್ ಜಾತಿಯ ಮರಗಳೆಲ್ಲ 2017ರ ಜನವರಿಯಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿ, ಗಿಟಾರ್ ಸಾಗಿಸಲೂ ಕಾಗದಪತ್ರ ಬೇಕಾಯಿತು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಕಲಿಯುವವರ ಗಿಟಾರ್ ಬೀಟೆಯದಲ್ಲ, ಪ್ಲೈವುಡ್ಡಿನದು. ಕಲಿಯಲು ಅದು ಸಾಕು.

ಪರೀಕ್ಷೆಯ ಹುಚ್ಚಿರುವವರಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡುಗಳಿವೆ. ಅದೂ ಇಲ್ಲಿಗೆ ಹೊಸದಲ್ಲ. ಪಿಯಾನೊ ಬಲ್ಲ ಜಯಚಾಮರಾಜ ಒಡೆಯರು 1945ರಲ್ಲೇ ಆ ಕಾಲೇಜಿನ ಗೌರವ ಫೆಲೋ. ‘ಪಲ್ಲವಿ ಅನುಪಲ್ಲವಿ’ಗೆ ಸಂಗೀತ ಕೊಟ್ಟ ಇಳಯರಾಜ ಅಲ್ಲಿನ ಕ್ಲಾಸಿಕಲ್ ಗಿಟಾರ್ ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದವರು.

ಮೊದಲ ಹಾಡು ಯಾವುದು ಎಂದರೆ ನನ್ನ ಓಟು ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರಗಳಿಗೆ. ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ಶಂಕರಾಭರಣದ ಪುಟ್ಟ ರಚನೆಗಳವು. ಗಮಕ ಬೇಡುವುದಿಲ್ಲ, ಮೂರು ಕಾರ್ಡಿಗೆ ಸಲೀಸಾಗಿ ಒಗ್ಗುತ್ತವೆ, ಮನೆಯಲ್ಲಿ ಹಾಡಲು ಯಾರಿಗಾದರೂ ಬರುತ್ತದೆ. ಅಕ್ಕ ಐದು ಮನೆ ಶ್ರುತಿಯಲ್ಲಿ, ಅಂದರೆ ಜಿಯಲ್ಲಿ, ಹಾಡಿದರೆ ತಮ್ಮ ಜಿ, ಸಿ, ಡಿ ಹಿಡಿದು ಜೊತೆಗೆ ನುಡಿಸಬಹುದು. ಮೂರೂ ಸುಲಭದ ಕಾರ್ಡ್. ಅಪ್ಪ ಒಂದು ಮನೆಯಲ್ಲಿ ಹಾಡುವವರಾದರೆ ಸಿ, ಎಫ್, ಜಿ ಬೇಕು. ಹೊಸಬರನ್ನು ಅಳಿಸುವ ಕಾರ್ಡ್ ಎಫ್: ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿ ಒತ್ತಬೇಕು. ಅದು ಕೂರಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯತನಕ ಐದನೇ ಮೆಟ್ಟಿಗೆ ಕ್ಯಾಪೋ ಎಂಬ ಕ್ಲಿಪ್ಪು ಕಚ್ಚಿಸಿ, ಅಕ್ಕನಿಗೆ ಹಿಡಿದ ಅದೇ ಬೆರಳುಗಳಲ್ಲಿ ಅಪ್ಪನಿಗೂ ನುಡಿಸಬಹುದು. ಎಫ್ ಬರುವುದಿಲ್ಲ ಎಂದು ಅಪ್ಪನಿಗೆ ಗೊತ್ತಾಗುವುದೂ ಇಲ್ಲ.